ಬಿತ್ತನೆ ಬೀಜ ಯಾರ ಕೈಯಲ್ಲಿರಬೇಕು?

ಕುಲಾಂತರಿ ಬೆಳೆಗಳ ಮಾತು ಬಂದಾಗಲೆಲ್ಲ ನಮ್ಮ ಕ್ರೈಸ್ತ ಬಾಂಧವರಲ್ಲಿ ಅನೇಕರು ಕೇಳುವುದು ಒಂದೇ ಪ್ರಶ್ನೆ: ಸೃಷ್ಟಿಕರ್ತನ ಕಾರ್ಯದಲ್ಲಿ ಮಾನವನು ಕೈಹಾಕುವುದು ಪಾಪವಲ್ಲವೇ? ಭಕ್ತಿಯಿಂದ ಹುಟ್ಟಿದ ಪ್ರಶ್ನೆಯಿದು. ಆದರೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲವೆಂದು ನಮ್ಮ ಅಭಿಪ್ರಾಯ.

ಮೆಕ್ಕೆಜೋಳವನ್ನೇ ತೆಗೆದುಕೊಳ್ಳೋಣ. ಸುಮಾರು 9000 ವರ್ಷಗಳ ಹಿಂದೆ ಮೆಕ್ಸಿಕೋದ ಜನರು ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಆರಿಸಿ ಆರಿಸಿ ಬಿತ್ತಿ ಅದನ್ನು ರೂಪಿಸಿದರು. ಮನುಷ್ಯನ ಕೈ ತಾಗದ ಮೆಕ್ಕೆಜೋಳವೆಂಬುದು ಜಗತ್ತಿನಲ್ಲೇ ಇಲ್ಲ. ಕೈ ತಾಗುವುದೇ ಪಾಪವಾದರೆ ನಮ್ಮ ಗದ್ದೆಯ ಭತ್ತವೂ ಪಾಪದ ಫಲವೇ ಆದೀತು!

ಅಮೆರಿಕದಲ್ಲಿ 1996ರಿಂದ ಬೆಳೆಯುತ್ತಿರುವ ಬಿಟಿ ಮೆಕ್ಕೆಜೋಳದಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿ ಸೇರಿದೆ. ಕಾಂಡ ಕೊರೆಯುವ ಹುಳು ಅದನ್ನು ತಿಂದರೆ ಸಾಯುತ್ತದೆ. ಇಂದು ಅಲ್ಲಿನ ಮೆಕ್ಕೆಜೋಳದಲ್ಲಿ ಶೇಕಡಾ 90ಕ್ಕೂ ಹೆಚ್ಚು ಕುಲಾಂತರಿಯೇ. ಇದನ್ನು ತಿಂದವರಿಗೆ ಕೇಡಾಯಿತೆಂಬುದಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದು ಪೋಪ್ ಫ್ರಾನ್ಸಿಸರು 2015ರ 'ಲಾವ್ದಾತೊ ಸಿ' ಪರಿಪತ್ರದಲ್ಲಿ ಒಪ್ಪಿಕೊಂಡಿದ್ದರು. ಆದ್ದರಿಂದ ರೋಗದ ಭಯ ಹುಟ್ಟಿಸುವುದು ನಮಗೆ ಸಮ್ಮತವಲ್ಲ. (2002ರಿಂದ ನಮ್ಮ ದೇಶದಲ್ಲಿ ಬಿಟಿ ಹತ್ತಿಯಿದೆ, ಹತ್ತಿಬೀಜದ ಎಣ್ಣೆ ಅಡಿಗೆಗೂ ಬಳಕೆಯಾಗುತ್ತಿದೆ ಎಂಬುದನ್ನು ಎಷ್ಟು ಮಂದಿ ಬಲ್ಲರು?) ಆದರೆ ಅದೇ ಪರಿಪತ್ರವು, ಇಂತಹ ಬೆಳೆಗಳು ಬಂದೆಡೆ ಫಲವತ್ತಾದ ಭೂಮಿ ಕೆಲವರ ವಶವಾಗಿ ಸಣ್ಣ ರೈತರು ಮರೆಯಾಗುತ್ತಿರುವುದನ್ನೂ ಎತ್ತಿ ತೋರಿಸಿತು. ನಮ್ಮನ್ನು ಕಾಡುವುದು ಇದೇ.

ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಮ್ಮ ಬಿಟಿ ಹತ್ತಿ ಹೈಬ್ರಿಡ್ ಬೀಜವಾಗಿ ಬಂತು. ರೈತನು ಪ್ರತಿ ವರ್ಷವೂ ಅಂಗಡಿಗೆ ಹೋಗಲೇಬೇಕು. ಹಾವೇರಿ, ದಾವಣಗೆರೆಗಳ ಮೆಕ್ಕೆಜೋಳದ ರೈತರಿಗೆ, ಅವರ ಬೆಳೆ ಕುಲಾಂತರಿಯಲ್ಲದಿದ್ದರೂ, ಹೈಬ್ರಿಡ್‌ನ ಈ ಪಾಡು ಗೊತ್ತೇ ಇದೆ. ಬಾಂಗ್ಲಾದೇಶದಲ್ಲಿ 2014ರಿಂದ ಬೆಳೆಯುತ್ತಿರುವ ಬಿಟಿ ಬದನೆಯನ್ನಾದರೋ ಸರಕಾರಿ ಸಂಶೋಧನಾ ಸಂಸ್ಥೆಯೇ ಹಂಚಿತು. ಬೀಜವನ್ನು ರೈತರು ಉಳಿಸಿಕೊಳ್ಳಬಹುದು. ವಿಜ್ಞಾನ ಎರಡು ಕಡೆಯೂ ಒಂದೇ ಬಗೆಯದು, ರೈತನ ಸ್ಥಿತಿ ಒಂದಲ್ಲ. 2010ರಲ್ಲಿ ನಮ್ಮ ಕೇಂದ್ರ ಸರಕಾರವು ಬಿಟಿ ಬದನೆಯನ್ನು ತಡೆಹಿಡಿದಾಗ ಹರ್ಷಿಸಿದವರೂ ಹಳಿದವರೂ ಈ ವ್ಯತ್ಯಾಸವನ್ನು ಸಾಕಷ್ಟು ಗಮನಿಸಲಿಲ್ಲವೆಂದು ನಮಗೆ ತೋರುತ್ತದೆ.

ಮೆಕ್ಸಿಕೋ ಗಮನಿಸಿತು. ಕುಲಾಂತರಿ ಮೆಕ್ಕೆಜೋಳವನ್ನು ಆಹಾರವಾಗಿ ಬಳಸುವುದಕ್ಕೆ ಅದು ಹಾಕಿದ್ದ ನಿರ್ಬಂಧಗಳು 2024ರ ಡಿಸೆಂಬರಿನಲ್ಲಿ ವ್ಯಾಪಾರ ಒಪ್ಪಂದದ ನ್ಯಾಯಮಂಡಳಿಯ ಮುಂದೆ ಸೋತವು. ಮರುವರ್ಷದ ಮಾರ್ಚಿನಲ್ಲಿ ಅದರ ಬಿತ್ತನೆಯನ್ನು ಸಂವಿಧಾನದಲ್ಲೇ ನಿಷೇಧಿಸಿತು. ತಟ್ಟೆಯ ವಿಷಯದಲ್ಲಿ ಮಣಿದರೂ ಹೊಲವನ್ನು ಬಿಟ್ಟುಕೊಡಲಿಲ್ಲ.

ನಮ್ಮ ರೈತನಿಗೂ ರಕ್ಷಣೆಯಿದೆ. 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ಅವನು ಬೀಜವನ್ನು ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು. ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು. ಆದರೆ ಉಳಿಸಿದ ಬೀಜವೇ ಇಲ್ಲದಿದ್ದರೆ ಆ ಹಕ್ಕಿನಿಂದೇನು? ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಕರಾವಳಿಯ ಕುಟುಂಬಗಳು ಹೊಸ ತೆನೆಯನ್ನು ಆಶೀರ್ವಾದಕ್ಕಾಗಿ ದೇವಾಲಯಕ್ಕೆ ತರುತ್ತವೆ. ಮನೆಯಲ್ಲಿ ಹಳೆಯ ತಳಿಯ ಭತ್ತದ ಬೀಜವನ್ನು ಇನ್ನೂ ಕಾಪಾಡಿಕೊಂಡಿರುವವರು ಆ ದಿನ ಒಂದು ಸೇರು ಬೀಜವನ್ನೂ ಜೊತೆಗೆ ತಂದು, ಬಲಿಪೂಜೆಯ ನಂತರ ನೆರೆಯವರೊಡನೆ ವಿನಿಮಯ ಮಾಡಿಕೊಳ್ಳಲಿ ಎಂದು ಕೋರುತ್ತೇವೆ.