ಹಕ್ಕಿಗೂ ಒಂದು ಅಳತೆ ಬೇಡವೆ?

ಹೈದರಾಬಾದಿನ ಹಿರಿಯ ಕನ್ನಡಿಗರ ಮನೆಗಳಿಗೆ ಹೋಗಿ, ನಿಜಾಮರ ಕಾಲದ ಅವರ ನೆನಪುಗಳನ್ನು ವಿಡಿಯೊದಲ್ಲಿ ದಾಖಲಿಸುವ ಗೆಳೆಯರೊಬ್ಬರು ನನಗಿದ್ದಾರೆ. ಬೀದರ, ಕಲಬುರಗಿ, ರಾಯಚೂರುಗಳಿಗೆ 1956ರವರೆಗೆ ಈ ನಗರವೇ ರಾಜಧಾನಿಯಾಗಿತ್ತು. ಆ ಕಾಲವನ್ನು ಕಂಡುಂಡ ಕನ್ನಡದ ದನಿಗಳು ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಕಳೆದ ವರ್ಷ ಗೆಳೆಯರು ಯೂಟ್ಯೂಬಿಗೆ ಏರಿಸಿದ ಸಂದರ್ಶನವೊಂದರ ನಡುವೆ, ಅಜ್ಜಿಯೊಬ್ಬರು ಬಾಲ್ಯದಲ್ಲಿ ತಾಯಿಯಿಂದ ಕಲಿತ ಧಾಟಿಯಲ್ಲಿ ವಚನವೊಂದನ್ನು ಹಾಡಿದ್ದರು. ಎರಡೇ ದಿನಗಳಲ್ಲಿ ಸಂಗೀತ ಸಂಸ್ಥೆಯೊಂದರ ಹೆಸರಿನಲ್ಲಿ ಕಾಪಿರೈಟ್ ಕ್ಲೇಮ್ ಬಂದಿತು. ಮಾತು ಹನ್ನೆರಡನೆಯ ಶತಮಾನದ್ದು, ಕಂಠ ಅಜ್ಜಿಯದು, ಕ್ಯಾಮೆರಾ ಗೆಳೆಯರದು. ಹಕ್ಕು ಮಾತ್ರ ಇನ್ನಾರದೋ! ಗೆಳೆಯರು ಹೆದರಿ ಆ ಹಾಡನ್ನೇ ಕತ್ತರಿಸಿ ತೆಗೆದರು.

ನಾನು ಕೃತಿಸ್ವಾಮ್ಯದ ವಿರೋಧಿಯಲ್ಲ. 1957ರ ನಮ್ಮ ಕಾಯಿದೆಯ ಪ್ರಕಾರ ಕೃತಿ ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಲೇಖಕರು ತೀರಿಕೊಂಡ ಮೇಲೂ ಅದು 60 ವರ್ಷ ಉಳಿಯುತ್ತದೆ. 1981ರಲ್ಲಿ ನಿಧನರಾದ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ಯಾರನ್ನೂ ಕೇಳದೆ ಅವನ್ನು ಹಾಡಿ ಜಾಲಕ್ಕೆ ಏರಿಸಿ, ಅದನ್ನು ಕನ್ನಡ ಸೇವೆಯೆಂದು ಕರೆದುಕೊಳ್ಳುವ ನಮ್ಮ ಅಭ್ಯಾಸವೂ ಸರಿಯಲ್ಲ. ವಚನದ ಪಠ್ಯ ಎಲ್ಲರದಾದರೂ, ಅದಕ್ಕೆ ಒಬ್ಬರು ಹೊಸದಾಗಿ ಕೂಡಿಸಿದ ರಾಗಸಂಯೋಜನೆಯ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಬೇರೆ. ಆದರೆ ತಾಯಿಯಿಂದ ಮಗಳಿಗೆ ಬಂದ ಧಾಟಿ ಯಾರ ಸ್ವತ್ತು? ಯಂತ್ರ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಹೋಲಿಕೆ ಕಂಡರೆ ಸಾಕು, ಅದು ಕೈ ಮುಂದೆ ಮಾಡುತ್ತದೆ.

ಆಕ್ಷೇಪಿಸಲು ಅವಕಾಶವಿದೆ ನಿಜ. ಆದರೆ ಆ ಆಕ್ಷೇಪವನ್ನು ಮೊದಲು ಪರಿಶೀಲಿಸುವವರು ಹಕ್ಕು ಸಾಧಿಸಿದವರೇ. ಅದಕ್ಕೆ ಅವರಿಗೆ 30 ದಿನಗಳ ಕಾಲಾವಕಾಶ. ಪಟ್ಟು ಹಿಡಿದು ಮುಂದುವರಿದರೆ ವಿಡಿಯೊ ತೆಗೆಸಿ ‘ಸ್ಟ್ರೈಕ್’ ಹಾಕಿಸಬಹುದು. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಇಡೀ ಚಾನೆಲ್ಲೇ ಅಳಿಸಿಹೋಗುವ ಭಯ. ವಕೀಲರಿದ್ದವರು ನಿಲ್ಲುತ್ತಾರೆ, ಇಲ್ಲದವರು ಹಾಡು ಕತ್ತರಿಸುತ್ತಾರೆ. 2025ರಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್, ಕೆಲವೇ ಸೆಕೆಂಡುಗಳ ದೃಶ್ಯ ಬಳಸಿದ್ದಕ್ಕೆ ಬಿದ್ದ ಸ್ಟ್ರೈಕ್ ತೆಗೆಯಲು ಎಎನ್‌ಐ ಸುದ್ದಿಸಂಸ್ಥೆ ಲಕ್ಷಗಟ್ಟಲೆ ಹಣ ಕೇಳಿತೆಂದು ಆರೋಪಿಸಿದರು. ಸಂಸ್ಥೆ ಅವರ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿತು. ಸರಿತಪ್ಪನ್ನು ನ್ಯಾಯಾಲಯ ಹೇಳಲಿ. ಸಣ್ಣವರ ಮನಸ್ಸಿನಲ್ಲಿ ಭಯವಂತೂ ಕೂತಿತು.

ಅಳತೆ ಎಂದರೇನೆಂದು ತಿಳಿಯಲು ಬೆಂಗಳೂರಿನದೇ ನಿದರ್ಶನವಿದೆ. 2022ರ ನವೆಂಬರಿನಲ್ಲಿ, ‘ಕೆಜಿಎಫ್-2’ರ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ಎಂಆರ್‌ಟಿ ಮ್ಯೂಸಿಕ್ ದಾವೆ ಹೂಡಿತು. ಕೆಳಗಿನ ನ್ಯಾಯಾಲಯ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಹೈಕೋರ್ಟು, ಆಕ್ಷೇಪಾರ್ಹ ಭಾಗವನ್ನು ತೆಗೆಯಬೇಕೆಂಬ ಷರತ್ತಿನೊಡನೆ ಆ ಆದೇಶವನ್ನು ರದ್ದುಗೊಳಿಸಿತು. ಕದ್ದ ಮಾಲನ್ನು ಹಿಂದಿರುಗಿಸಿಕೊಳ್ಳಿ, ಮನೆಗೇ ಬೀಗ ಜಡಿಯಬೇಡಿ. ನಾನು ಇದರಲ್ಲಿ ಕಂಡ ವಿವೇಕ ಇಷ್ಟೇ. ಈ ವಿವೇಕ ದೊಡ್ಡ ಪಕ್ಷವೊಂದಕ್ಕೆ ಒಂದೇ ದಿನದಲ್ಲಿ ದೊರೆಯಿತು. ನಮ್ಮ ಗೆಳೆಯರಿಗೆ ದೊರೆಯುವುದೆಂದು?

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಯಾಗಿದ್ದಾಗ ಓದಿದ್ದೊಂದು ನೆನಪಾಗುತ್ತದೆ. 1710ರ ಇಂಗ್ಲೆಂಡಿನ ಕೃತಿಸ್ವಾಮ್ಯ ಕಾನೂನು ಹೊಸ ಗ್ರಂಥಗಳಿಗೆ ಕೊಟ್ಟದ್ದು 14 ವರ್ಷಗಳ ಹಕ್ಕು. ಕರ್ತೃ ಬದುಕಿದ್ದರೆ ಇನ್ನೂ 14. ಹಕ್ಕೂ ಅದರ ಮಿತಿಯೂ ಅವಳಿಗಳಾಗಿಯೇ ಹುಟ್ಟಿದವು. ನಮ್ಮ ಕಾಯಿದೆಯಲ್ಲೂ ಮಿತಿಗಳಿವೆ. ವಿಮರ್ಶೆಗಾಗಿ ಮಾಡುವ ನ್ಯಾಯೋಚಿತ ಬಳಕೆಯನ್ನು 52ನೆಯ ಕಲಂ ಒಪ್ಪುತ್ತದೆ; ಆಧಾರವಿಲ್ಲದೆ ದಾವೆಯ ಬೆದರಿಕೆ ಹಾಕುವವರ ವಿರುದ್ಧ ಪರಿಹಾರ ಕೇಳಲು 60ನೆಯ ಕಲಂ ದಾರಿ ಕೊಡುತ್ತದೆ. ಆದರೆ ಹವ್ಯಾಸಿಯೊಬ್ಬ ಮೂರು ನಿಮಿಷದ ಹಾಡಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವನೇ? ಆದ್ದರಿಂದ ಮೊದಲ ವಿಚಾರಣೆಯೇ ಹಕ್ಕುದಾರನಲ್ಲದ ಮೂರನೆಯವರಿಂದ ಆಗಬೇಕು. ಪದೇ ಪದೇ ಸುಳ್ಳು ಹಕ್ಕು ಸಾಧಿಸುವವರಿಗೂ ಸ್ಟ್ರೈಕ್ ಬೀಳಬೇಕು. ನಾವೂ ಅನ್ಯರ ಕೃತಿಗೆ ಲಿಖಿತ ಅನುಮತಿ ಪಡೆಯುವುದನ್ನು ರೂಢಿಸಿಕೊಳ್ಳಬೇಕು.

ಅಜ್ಜಿ ಈಗಿಲ್ಲ. ಆ ಹಾಡು ಗೆಳೆಯರ ಗಣಕಯಂತ್ರದಲ್ಲಿದೆ. ಅದನ್ನು ಮತ್ತೆ ಏರಿಸಿ, ಆಕ್ಷೇಪಣೆಯ ಪತ್ರವನ್ನು ಕೂತು ಬರೆಯೋಣ ಎಂದಿದ್ದೇನೆ. ಅವರಿನ್ನೂ ಹೂಂ ಎಂದಿಲ್ಲ.