ಮನೆಯ ಮಾತು: ಸೆರೆಯಾಳಾದ ಅಜ್ಜನ ತಿಥಿ

ಯುದ್ಧದಲ್ಲಿ ಮಡಿದವನ ಮನೆಗೆ ತಂತಿ ಬರುತ್ತದೆ. ಗೆದ್ದು ಬಂದವನ ಮನೆಗೆ ಪದಕ ಬರುತ್ತದೆ. ಸೆರೆ ಸಿಕ್ಕವನ ಮನೆಗೆ ಬಹುಕಾಲ ಏನೂ ಬರುವುದಿಲ್ಲ. ‘ಕಾಣೆಯಾಗಿದ್ದಾನೆ’ ಎಂಬ ಒಂದೇ ಮಾತನ್ನು ನೆಚ್ಚಿಕೊಂಡು ಆ ಮನೆಯವರು ವರುಷಗಳನ್ನು ನೂಕಬೇಕು. ಎರಡನೆಯ ಮಹಾಯುದ್ಧದಲ್ಲಿ ಹೀಗೆ ಕಾದು ಕುಳಿತ ಕನ್ನಡ ಮನೆಗಳುಂಟು. ಅಂಥ ಮನೆಗಳ ಮೊಮ್ಮಕ್ಕಳು ನಮ್ಮ ಸಂಘದಲ್ಲಿಯೂ ಇದ್ದಾರೆ.

ಅವರಲ್ಲೊಬ್ಬರು ಈಚೆಗೆ ಕೇಳಿದ ಪ್ರಶ್ನೆಯೇ ಈ ಸಲದ ಮಾತಿಗೆ ಕಾರಣ. ತಂದೆ ಹುಟ್ಟುವ ಮೊದಲೇ ಅಜ್ಜ ಪಲ್ಟನ್ನಿನೊಡನೆ ಮಲಯಕ್ಕೆ ಹೋದರಂತೆ. ಅಜ್ಜಿ ಕಡೆಯವರೆಗೂ ಹಣೆಯ ಕುಂಕುಮ ಅಳಿಸಲಿಲ್ಲ. ಆಕೆಯ ತರುವಾಯ ಮನೆಯವರು ಮಹಾಲಯ ಅಮಾವಾಸ್ಯೆಯಂದು, ತಿಥಿ ತಿಳಿಯದವರ ಜೊತೆಗೆ ಅಜ್ಜನಿಗೂ ಎಳ್ಳುನೀರು ಬಿಡುತ್ತ ಬಂದಿದ್ದಾರೆ. “ನಮ್ಮ ಅಜ್ಜನ ತಿಥಿ ತಿಳಿಯುವ ಮಾರ್ಗವುಂಟೆ?” ಎಂದು ಅವರು ಕೇಳಿದರು.

ಮಾರ್ಗವುಂಟು. ಎಲ್ಲರಿಗೂ ಫಲ ಸಿಕ್ಕೀತೆಂದು ನಾವು ಹೇಳಲಾರೆವು. ಆದರೆ ಹುಡುಕುವ ದಾರಿ ಹಿಂದಿಗಿಂತ ಈಗ ಸುಗಮವಾಗಿದೆ.

ಮೊದಲು ಆ ಕಾಲದ ಕಥೆಯನ್ನು ಸ್ವಲ್ಪ ನೆನೆಯೋಣ. 1942ನೆಯ ಇಸವಿ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ನಮ್ಮ ಪಂಚಾಂಗದಂತೆ ಅದು ಮಾಘ ಮಾಸದ ಅಮಾವಾಸ್ಯೆ. ಮರುದಿನ ಬಿಟ್ಟು ಮಾರನೆಯ ದಿನ, ಅಲ್ಲಿಯ ಫ್ಯಾರರ್ ಪಾರ್ಕ್ ಮೈದಾನದಲ್ಲಿ 40,000ಕ್ಕೂ ಮಿಕ್ಕ ಭಾರತೀಯ ಸೈನಿಕರನ್ನು ಬ್ರಿಟಿಷರು ಜಪಾನೀಯರಿಗೆ ಒಪ್ಪಿಸಿಬಿಟ್ಟರು. ಸಿಂಗಪುರದಲ್ಲಿ ಸೆರೆಯಾದ ದಂಡಿನಲ್ಲಿ ಮೈಸೂರು ಸಂಸ್ಥಾನದ ಕಾಲ್ದಳದವರೂ ಇದ್ದರು. ಕೆಲವರು ಕ್ಯಾಪ್ಟನ್ ಮೋಹನ್ ಸಿಂಗರ ಆಜಾದ್ ಹಿಂದ್ ಫೌಜಿಗೆ ಸೇರಿದರು. ಮತ್ತೆ ಕೆಲವರು ಒಲ್ಲೆವೆಂದರು. ಒಲ್ಲದವರಲ್ಲಿ ಸಾವಿರಾರು ಮಂದಿಯನ್ನು ಹಡಗುಗಳಲ್ಲಿ ತುಂಬಿ ನ್ಯೂಗಿನಿ, ನ್ಯೂಬ್ರಿಟನ್ ಮೊದಲಾದ ದ್ವೀಪಗಳಿಗೆ ಕೂಲಿಯಾಳುಗಳಾಗಿ ಸಾಗಿಸಿದರು. ನ್ಯೂಗಿನಿಯ ವೀವಾಕ್ ತೀರಕ್ಕೆ 1943ರಲ್ಲಿ ಒಯ್ದ ಭಾರತೀಯರಲ್ಲಿ ಹಸಿವಿಗೂ ರೋಗಕ್ಕೂ ಹೊಡೆತಕ್ಕೂ ತುತ್ತಾಗದೆ ಉಳಿದವರು ಬಹಳ ಕೆಲವರು. ಅವರಲ್ಲೊಬ್ಬರಾದ ಚಿಂತ್ ಸಿಂಗ್ ಎಂಬ ಡೋಗ್ರಾ ಅಧಿಕಾರಿ ಯುದ್ಧಾಪರಾಧದ ವಿಚಾರಣೆಯಲ್ಲಿ ಸಾಕ್ಷಿ ನುಡಿಯಲೆಂದು ಹಿಂದೆ ನಿಂತರು. ಅವರ ಸಂಗಡಿಗರು ಮನೆಗೆ ಹೊರಟವರು, 1945ರ ನವೆಂಬರಿನಲ್ಲಿ ವಿಮಾನಾಪಘಾತಕ್ಕೆ ಸಿಕ್ಕಿ ತೀರಿಹೋದರು. ಆ ಸಾಕ್ಷ್ಯದಿಂದಲೇ ಅಲ್ಲಿ ನಡೆದ ಎಷ್ಟೋ ಸಂಗತಿ ಲೋಕಕ್ಕೆ ತಿಳಿಯಿತು.

ಎಲ್ಲ ಸೆರೆಯಾಳುಗಳೂ ಪೂರ್ವದಲ್ಲಿಯೇ ಇದ್ದವರಲ್ಲ. ಉತ್ತರ ಆಫ್ರಿಕದಲ್ಲಿ ಸಿಕ್ಕವರನ್ನು ಇಟಲಿಗೂ ಆಮೇಲೆ ಜರ್ಮನಿಯ ಕಡೆಗೂ ಒಯ್ದರು. 1944ರ ಮೇ ತಿಂಗಳಲ್ಲಿ ಫ್ರಾನ್ಸಿನ ಎಪಿನಾಲ್ ಊರಿನ ಶಿಬಿರಕ್ಕೆ ಬಾಂಬು ಬಿದ್ದಾಗ, ಸುಮಾರು 500 ಮಂದಿ ಭಾರತೀಯರು ತಪ್ಪಿಸಿಕೊಂಡು, ಕಾಡುಬೆಟ್ಟ ದಾಟಿ ಸ್ವಿಟ್ಜರ್ಲೆಂಡನ್ನು ಸೇರಿದರು. ಆದುದರಿಂದ ಅಜ್ಜ ಎಲ್ಲಿ ಸೆರೆಯಾದರೆಂಬುದು ಗೊತ್ತಾದರೆ ಅರ್ಧ ಕೆಲಸವಾದಂತೆ.

ಹುಡುಕಾಟವನ್ನು ದೂರದ ದಫ್ತರಿನಿಂದ ಆರಂಭಿಸಬೇಡಿ. ಊರಿನ ಮನೆಯ ಟ್ರಂಕಿನಿಂದ ಆರಂಭಿಸಿ. ನಾವು ಪಟ್ಟಣಕ್ಕೆ ಬರುವಾಗ ಹಿಂದೆ ಬಿಟ್ಟು ಬಂದ ಹಳೆಯ ಕಾಗದಗಳಲ್ಲಿ ಪಿಂಚಣಿಯ ಪುಸ್ತಕ, ಮನಿಯಾರ್ಡರಿನ ರಸೀದಿ, ಕೆಲವೇ ಪದಗಳ ಅಚ್ಚಿನ ಕಾರ್ಡು ಇದ್ದೀತು. ಮಕ್ಕಳ ಆಟಿಗೆಯಾಗಿ ಹೋದ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಅಂಚಿನಲ್ಲಿ ಹಲವು ವೇಳೆ ಸೈನಿಕನ ಸಂಖ್ಯೆ, ಹೆಸರು, ಪಲ್ಟನ್ನು ಮೂರೂ ಕೆತ್ತಿರುತ್ತವೆ. ಹೆಸರಿಗಿಂತ ಆ ಸಂಖ್ಯೆಯೇ ಹೆಚ್ಚು ಬೆಲೆಯದು. ಏಕೆಂದರೆ ನಮ್ಮ ಹೆಸರುಗಳನ್ನು ದಂಡಿನ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ಒಬ್ಬ ಮುನಿಸ್ವಾಮಿ ನಾಲ್ಕು ಬಗೆಯ ಅಕ್ಷರಗಳಲ್ಲಿ ನಾಲ್ವರಾಗಿ ಕಾಣಿಸಬಹುದು. ಹುಡುಕುವಾಗ ಎಲ್ಲ ಬಗೆಯನ್ನೂ ಪ್ರಯತ್ನಿಸಬೇಕು. ಅಜ್ಜನ ತಂದೆಯ ಹೆಸರು, ಊರು, ತಾಲ್ಲೂಕು ಜೊತೆಗಿರಬೇಕು.

ಅನಂತರ ನೋಡಬೇಕಾದುದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿ. ಯುದ್ಧಕಾಲದಲ್ಲಿ ಹಾಗೂ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ತೀರಿಕೊಂಡವರ ಹೆಸರುಗಳು ಅದರಲ್ಲಿವೆ. ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಖರ್ಚಿಲ್ಲದೆ ನೋಡಬಹುದು. ಮನೆಯ ಹುಡುಗರು ಐದು ನಿಮಿಷದಲ್ಲಿ ತೆಗೆದುಕೊಟ್ಟಾರು. ಹಲವು ಹೆಸರುಗಳ ಮುಂದೆ ‘ಇಂಥವರ ಮಗ, ಇಂಥವಳ ಗಂಡ, ಇಂಥ ಊರು’ ಎಂದು ಬರೆದಿರುತ್ತದೆ. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ ಸಮಾಧಿಯೇ ಇಲ್ಲದ 24,000ಕ್ಕೂ ಮಿಕ್ಕ ಜನರ ಹೆಸರುಗಳಿವೆ. ತಮ್ಮ ಧರ್ಮದಂತೆ ದಹನಗೊಂಡವರಿಗೆ ಅಲ್ಲಿ ಬೇರೆ ಸ್ಮಾರಕವೂ ಉಂಟು. ನ್ಯೂಗಿನಿಯ ಲೇ, ರಬೌಲ್ ಸಮೀಪದ ಬಿಟಾಪಾಕ, ಇಲ್ಲಿಯ ಸ್ಮಶಾನಗಳಲ್ಲಿಯೂ ಭಾರತೀಯ ಸೆರೆಯಾಳುಗಳಿದ್ದಾರೆ.

ಹೆಸರು ಸಿಕ್ಕಿತೆಂದರೆ ತೀರಿಕೊಂಡ ತಾರೀಖೂ ಸಿಕ್ಕುತ್ತದೆ. ಹಳೆಯ ಪಂಚಾಂಗ ತೆಗೆದು ನೋಡಬಲ್ಲವರು ತಿಥಿಯನ್ನು ಹೇಳಿಯಾರು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಯಾರೂ ಕಣ್ಣಾರೆ ಕಾಣದ ಸಾವಿಗೆ ದಫ್ತರಿನವರು ಕೆಲವೊಮ್ಮೆ ಊಹೆಯ ದಿನವೊಂದನ್ನು ಹಾಕಿರುವುದುಂಟು.

ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎದೆಗುಂದಬೇಡಿ. ಪಲ್ಟನ್ನಿನ ರೆಕಾರ್ಡ್ ಕಚೇರಿಗೆ ಬರೆಯಿರಿ. ಮದ್ರಾಸ್ ಸ್ಯಾಪರ್ಸಿನವರದು ಬೆಂಗಳೂರಿನಲ್ಲಿಯೂ ಮರಾಠಾ ಕಾಲ್ದಳದವರದು ಬೆಳಗಾವಿಯಲ್ಲಿಯೂ ಇದೆ. ಮೈಸೂರು ಕಾಲ್ದಳ ಸ್ವಾತಂತ್ರ್ಯಾನಂತರ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ನಾಯಿತು. ಸಂಸ್ಥಾನದ ಹಳೆಯ ಕಡತಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನು ಕೇಳಬೇಕು. ಊರಿನ ಕಡೆಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಪಿಂಚಣಿಯ ಸುಳಿವು ಸಿಕ್ಕಬಹುದು. ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯೂ ಸೆರೆಯಾಳುಗಳ ಬಗ್ಗೆ ವಿಚಾರಿಸಿದವರಿಗೆ ಉತ್ತರ ಕೊಡುತ್ತದೆ. ಆದರೆ ಅಲ್ಲಿ ಅರ್ಜಿಗಳನ್ನು ಮಿತವಾಗಿ ಮಾತ್ರ ತೆಗೆದುಕೊಳ್ಳುವುದರಿಂದ ತಾಳ್ಮೆ ಬೇಕು.

ಇನ್ನು ಕಡೆಯ ಮಾತು, ಇದನ್ನು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಹುಡುಕಹೊರಡುವ ಮೊದಲೇ ಅಜ್ಜ ಯಾವ ಪಕ್ಷದಲ್ಲಿದ್ದರೆಂದು ತೀರ್ಮಾನಿಸಿಕೊಳ್ಳಬೇಡಿ. ಮೊಮ್ಮಕ್ಕಳಿಗೆ ಅಜ್ಜ ನೇತಾಜಿಯ ಹಿಂದೆ ನಡೆದವನಾಗಿರಬೇಕೆಂಬ ಆಸೆ ಸಹಜ. ಒಲ್ಲೆನೆಂದು ಕೂಲಿಗೆ ಹೋಗಿ ನ್ಯೂಗಿನಿಯ ಕೆಸರಿನಲ್ಲಿ ಸತ್ತವನೂ ತನ್ನ ಮಾತನ್ನು ಉಳಿಸಿಕೊಂಡವನೇ. ಫೌಜಿಗೆ ಸೇರಿದವರೂ ಸುಖಪಡಲಿಲ್ಲ. ಯುದ್ಧ ಮುಗಿದ ಮೇಲೆ ಅವರನ್ನು ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿದರು; ಕಪ್ಪೆನಿಸಿಕೊಂಡವರಿಗೆ ಕೆಲಸವೂ ಹೋಯಿತು, ಬಾಕಿ ಸಂಬಳವೂ ಹೋಯಿತು. ‘ಸರಕಾರದ ದುಡ್ಡು ಬರಲೇ ಇಲ್ಲ’ ಎಂಬ ಮಾತು ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದೂ ಒಂದು ಸುಳಿವೇ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ ಫೌಜಿನ ಕಡತಗಳಿವೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಅರಾಕಾನಿನಲ್ಲಿ ಜಪಾನೀಯರ ಮೇಲೆ ಕಾದುತ್ತಿದ್ದರು. ಅವರ ಅಣ್ಣ ಪೊನ್ನಪ್ಪನವರು ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ತಾಯ ಮಕ್ಕಳು ಎರಡು ಕಡೆ ನಿಂತ ಕಾಲವದು. ಆ ಕಷ್ಟವನ್ನು ನಾವು ಪಟ್ಟವರಲ್ಲ. ಅವರನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ದಫ್ತರಿನ ಕಾಗದ ಇನ್ನಷ್ಟು ವರುಷ ಇದ್ದೀತು. ಅಜ್ಜ ಹೊರಟ ದಿನವನ್ನು ಕಂಡವರು, ಅಜ್ಜಿಯ ಬಾಯಿಂದ ಪಲ್ಟನ್ನಿನ ಹೆಸರು ಕೇಳಿದವರು, ಈಗ ಎಂಬತ್ತು ತೊಂಬತ್ತು ದಾಟಿದ್ದಾರೆ. ಊರಿನಲ್ಲಿ ಅಂಥ ಸೋದರತ್ತೆಯೋ ದೊಡ್ಡಪ್ಪನೋ ಇದ್ದರೆ, ಬರುವ ಹಬ್ಬದವರೆಗೆ ಕಾಯದೆ ಈ ವಾರವೇ ಹೋಗಿ ಪಕ್ಕದಲ್ಲಿ ಕುಳಿತು ಕೇಳಿರಿ. ಕೇಳಿದ್ದನ್ನು ಅಲ್ಲಿಯೇ ಬರೆದುಕೊಳ್ಳಿರಿ.