ಸೊಸೆಗೆ ಕಲಿಸುವವರು ಯಾರು?

ಬೆಳಗಾವಿ ಜಿಲ್ಲೆಯ ಖಾನಾಪುರದಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ದುಡಿಯಲು ಹೋಗುವ ನಮ್ಮ ಹುಡುಗರಿಗೆ ಆ ದಾರಿ ಗೊತ್ತು; ಮಹದಾಯಿ ನದಿ ನೀರಿನ ಜಗಳದಿಂದಾಗಿ ರಾಜಕಾರಣಿಗಳಿಗೂ ಗೊತ್ತು. ಅದೇ ಗೋವಾದ ಎರಡು ತಾಲ್ಲೂಕುಗಳಲ್ಲಿ ನಡೆದ ಒಂದು ಪ್ರಯೋಗ ಮಾತ್ರ ಘಟ್ಟ ಹತ್ತಿ ಈಚೆಗೆ ಬರಲಿಲ್ಲ. 'ಸಂಗಾತ್' ಸಂಸ್ಥೆಯ ಡಾ. ಅಮಿತ್ ಡಯಾಸ್, ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಿರಿಯರ 81 ಕುಟುಂಬಗಳನ್ನು ಗುರುತಿಸಿ, ಅವುಗಳಲ್ಲಿ ಅರ್ಧದಷ್ಟು ಮನೆಗಳಿಗೆ ಆರು ತಿಂಗಳ ಕಾಲ ಸಲಹೆಗಾರರನ್ನು ಕಳಿಸಿದರು. ಈ ಸಲಹೆಗಾರರು ಓದು ಬರಹ ಬಲ್ಲ, ಊರಿನ ಭಾಷೆ ಆಡುವ, ವಯಸ್ಸಾದವರ ಕೆಲಸದಲ್ಲಿ ಮನಸ್ಸಿದ್ದ ಸ್ಥಳೀಯರು. ಒಂದು ವಾರದ ತೀವ್ರ ತರಬೇತಿ, ಮೇಲ್ವಿಚಾರಣೆಗೆ ಒಬ್ಬ ಮನೋವೈದ್ಯ, ಹದಿನೈದು ದಿನಕ್ಕೊಮ್ಮೆಯಾದರೂ ಮನೆ ಭೇಟಿ. ಇಷ್ಟೇ ಬಂಡವಾಳ.

2008ರಲ್ಲಿ ಪ್ರಕಟವಾದ ಫಲಿತಾಂಶವನ್ನು ಗಮನವಿಟ್ಟು ಓದಬೇಕು. ಕಾಯಿಲೆ ಬಿದ್ದವರ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆದರೆ ಅವರನ್ನು ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತು, ಸಂಕಟ ತಗ್ಗಿತು. ಅತ್ತೆಯ ಮರೆವು ಅಷ್ಟೇ ಇತ್ತು, ಸೊಸೆಯ ಬದುಕು ಕೊಂಚ ಹಗುರವಾಯಿತು. ವಾಸಿ ಮಾಡುವ ಔಷಧಿಯಿಲ್ಲದ ರೋಗದಲ್ಲಿ ಇದು ಸಣ್ಣ ಗೆಲುವಲ್ಲ.

ಡಿಮೆನ್ಶಿಯಾ ನಗರದವರ, ಉಳ್ಳವರ ಕಾಯಿಲೆ ಎಂಬ ಭ್ರಮೆ ಇನ್ನೂ ಇದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯ ಕಟ್ಟೆಯ ಮೇಲೆ ಇದಕ್ಕೆ 'ವಯಸ್ಸಾಯ್ತಲ್ಲ' ಎಂಬ ಒಂದೇ ವಿವರಣೆ.

ಹಾಗಾದರೆ ಕಲಿಸಬೇಕಾದ್ದೇನು? ಮೆದುಳಿನ ಚಿತ್ರ ತೋರಿಸಿ ಪಾಠ ಮಾಡುವುದರಿಂದ ಉಪಯೋಗ ಕಡಿಮೆ. ಉಂಡು ಕೈ ತೊಳೆದ ಅಜ್ಜಿ ಪಕ್ಕದ ಮನೆಗೆ ಹೋಗಿ 'ಸೊಸೆ ಊಟಕ್ಕೇ ಹಾಕಿಲ್ಲ' ಎಂದು ದೂರುತ್ತಾಳೆ. ಸೊಸೆಗೆ ಅವಮಾನ, ಗಂಡನಿಗೆ ಸಿಟ್ಟು, ಓಣಿಗೆ ಮಾತು. ಇದು ಹಟವಲ್ಲ, ಊಟದ ನೆನಪೇ ಅಳಿಸಿಹೋಗಿದೆ ಎಂದು ಆ ಮನೆಯಲ್ಲಿ ಕೂತು ಯಾರಾದರೂ ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವಾದ ಮಾಡಬೇಡಿ, ಒಂದು ಲೋಟ ಮಜ್ಜಿಗೆಯೋ ಅರ್ಧ ಬಾಳೆಹಣ್ಣೋ ಕೊಟ್ಟು ಮಾತು ಬದಲಿಸಿ ಎಂಬುದು ಎರಡನೆಯ ಪಾಠ. ಸಂಜೆ ಗಲಿಬಿಲಿ ಹೆಚ್ಚುತ್ತದೆ, ಕತ್ತಲಾಗುವ ಮೊದಲೇ ದೀಪ ಹಾಕಿ. ಸ್ನಾನಕ್ಕೆ ದಿನಾ ಒಂದೇ ಹೊತ್ತು, ಒಂದೇ ಕೈ. ನೀರನ್ನು ತಲೆಗೆ ಸುರಿಯುವ ಮುನ್ನ ಕಾಲಿಗೆ ಹಾಕಿ. ಮಲಗಿಸಿ ಉಣಿಸಬೇಡಿ, ನೆಟ್ಟಗೆ ಕೂರಿಸಿ. ನುಂಗುವಾಗ ಕೆಮ್ಮಿದರೆ ಗಂಜಿಯ ಹದ ಬದಲಿಸಬೇಕೇ ಎಂದು ಡಾಕ್ಟರನ್ನು ಕೇಳಿ. ನಿನ್ನೆಯವರೆಗೆ ಸಮಾಧಾನದಿಂದ ಇದ್ದವರು ಇವತ್ತು ಏಕಾಏಕಿ ರೇಗಾಡಿದರೆ ಅದು ಮೂತ್ರದ ಸೋಂಕೋ, ಮಲಬದ್ಧತೆಯೋ, ಹೇಳಲಾಗದ ನೋವೋ ಇರಬಹುದು. ನಿದ್ದೆ ಗುಳಿಗೆ ಕೊಡುವ ಮೊದಲು ಡಾಕ್ಟರಿಗೆ ತೋರಿಸಿ. ಮತ್ತು ಎಲ್ಲಕ್ಕಿಂತ ಕಷ್ಟದ ಪಾಠ: ವಾರಕ್ಕೆ ಒಂದೆರಡು ರಾತ್ರಿ ನೋಡಿಕೊಳ್ಳುವ ಸರದಿ ಬೇರೆಯವರದಾಗಲಿ. ಇದನ್ನು ಸೊಸೆಗೆ ಹೇಳಿ ಪ್ರಯೋಜನವಿಲ್ಲ. ಗಂಡನನ್ನೂ ನಾದಿನಿಯನ್ನೂ ಕೂರಿಸಿಕೊಂಡು ಹೇಳಬೇಕು.

ಇವು ಭಾಷಣದಲ್ಲಿ ಕಲಿಯುವ ವಿದ್ಯೆಗಳಲ್ಲ. ಪ್ರತಿ ಸೆಪ್ಟೆಂಬರ್ 21ರ ವಿಶ್ವ ಅಲ್ಝೈಮರ್ ದಿನ ಜಾಥಾ, ಬ್ಯಾನರು, ಅತಿಥಿಗಳ ಮಾತು ಮುಗಿಸಿದರೆ 'ಜಾಗೃತಿ' ಆಯಿತೆಂದು ನಾವು ನಂಬಿದ್ದೇವೆ. ಮೊಬೈಲ್ ಮೇಲೂ ಅತಿಯಾದ ಭರವಸೆ ಬೇಡ. ಆರೈಕೆದಾರರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಐಸಪೋರ್ಟ್' ಆನ್‌ಲೈನ್ ಪಾಠಗಳು ನಿಜಕ್ಕೂ ಸೊಗಸಾಗಿವೆ. ಆದರೆ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅದನ್ನು ಭಾರತದಲ್ಲಿ ಪರೀಕ್ಷಿಸಿದಾಗ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊನೆತನಕ ಉಳಿಯಲಿಲ್ಲ. ಖಿನ್ನತೆಯಾಗಲಿ, ಹೊರೆಯಾಗಲಿ ಗಣನೀಯವಾಗಿ ಇಳಿಯಲಿಲ್ಲ. ರೋಗಿಯನ್ನು ನೋಡುವ ದೃಷ್ಟಿ ಮಾತ್ರ ಸುಧಾರಿಸಿತು. ರಾತ್ರಿಯಿಡೀ ಎದ್ದಿದ್ದವಳು ಹಗಲು ಪರದೆ ಮುಂದೆ ಕೂತು ಪಾಠ ಕೇಳಬೇಕೆನ್ನುವುದೇ ವಿಚಿತ್ರ.

ಖಾನಾಪುರದಲ್ಲಂತೂ ಪರದೆಗೆ ಮೊದಲು ನೆಟ್‌ವರ್ಕ್ ಬೇಕು. ಭೀಮಗಡ ಅರಣ್ಯದೊಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ರೋಗಿಯನ್ನು ಬಿದಿರಿನ ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳು ನಮಗೆ ಹೊಸವಲ್ಲ. ದುಡಿಯುವ ಮಗ ಗೋವಾದಲ್ಲೋ ಪುಣೆಯಲ್ಲೋ, ಮನೆಯಲ್ಲಿ ಸೊಸೆ ಒಬ್ಬಳೇ. ಉರಿಯುವ ಒಲೆ, ಹೊರಗಿನ ಬಚ್ಚಲು, ತೆರೆದ ಬಾವಿ, ಹಿತ್ತಲಾಚೆ ಕಾಡು. ದಾರಿ ತಪ್ಪುವ ಮುದುಕರಿಗೆ ಇವೆಲ್ಲವೂ ಅಪಾಯ. ಬೆಳಗಾವಿ ನಗರದ ಕಷ್ಟ ಬೇರೆ ತೆರನದು. ವಡಗಾವಿ, ಶಹಾಪುರದ ನೇಕಾರರ ಮನೆಗಳಲ್ಲಿ ಮಗ್ಗದ ಸದ್ದು ನಿಲ್ಲುವುದಿಲ್ಲ. ಗದ್ದಲ ಈ ರೋಗಿಗಳನ್ನು ಕೆರಳಿಸುತ್ತದೆ. ಟಿಳಕವಾಡಿಯಂಥ ಬಡಾವಣೆಯಲ್ಲಿ ಮಕ್ಕಳು ಹೊರದೇಶದಲ್ಲಿದ್ದು ಹಿರಿಯರು ಸಂಬಳದ ಸಹಾಯಕರ ಕೈಲಿರಬಹುದು. ಡಯಾಪರ್ ಬದಲಿಸಲು ಬಲ್ಲ ಸಹಾಯಕಿಗೆ ಮರೆವಿನವರ ಜೊತೆ ಮಾತಾಡುವ ಬಗೆ ಯಾರೂ ಕಲಿಸಿರುವುದಿಲ್ಲ. ಒಂದು ಊರಿನ ಪಾಠ ಇನ್ನೊಂದಕ್ಕೆ ಒಪ್ಪುವುದಿಲ್ಲ ಎಂಬುದಕ್ಕೇ ಈ ಮಾತು.

ಪಾಠ ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕು, ಇದರಲ್ಲಿ ಮುಜುಗರ ಬೇಡ. ಕಾಯಿಲೆ ಬಲಿತಂತೆ ಅನೇಕರು ಚಿಕ್ಕಂದಿನ ಮನೆಮಾತಿಗೆ ಮರಳುತ್ತಾರೆ. ಅಂದಹಾಗೆ, ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂದು 2013ರಲ್ಲಿ ತೋರಿಸಿದರು. ಭಾಷೆಗಾಗಿ ಕಿತ್ತಾಡುವ ಬೆಳಗಾವಿಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು.

ಕಲಿಸುವವರು ಯಾರು ಎಂಬ ಪ್ರಶ್ನೆಗೆ ಬೆಳಗಾವಿಯೇ ಹಿಂದೊಮ್ಮೆ ಉತ್ತರ ಕೊಟ್ಟಿದೆ. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆಸಿ, 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳೇ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟಾಗ ಹೆರಿಗೆಯ ನಂತರದ ಅತಿಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯನ್ನು ನಂಬಿದರೆ ಏನಾಗುತ್ತದೆಂದು ಜಗತ್ತಿಗೆ ತೋರಿಸಿದ ಜಿಲ್ಲೆ ಇದು. ಕೆಎಲ್‌ಇ ಆಸ್ಪತ್ರೆ, ನರ್ಸಿಂಗ್ ಕಾಲೇಜು, ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್, ಪಕ್ಕದ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಮೇಲ್ವಿಚಾರಣೆಗೆ ಇಷ್ಟು ಅನುಕೂಲ ಎಷ್ಟು ಜಿಲ್ಲೆಗಳಿಗಿದೆ?

ಆದರೆ ಈ ಹೊರೆಯನ್ನು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬಾರದು. ಹತ್ತು ಸಾವಿರ ರೂಪಾಯಿ ಖಚಿತ ಗೌರವಧನದ ಭರವಸೆ ಪಡೆಯಲು ಅವರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು. ಮನೆ ಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ 'ಗೃಹ ಆರೋಗ್ಯ' ಯೋಜನೆಯಲ್ಲಿ ಮರೆವಿನ ಲಕ್ಷಣ ಗುರುತಿಸಲು ಒಂದೆರಡು ಪ್ರಶ್ನೆ ಸೇರಿಸಿದರೆ ಸಾಕು. ಮನೆಗೆ ಹೋಗಿ ಕಲಿಸಲು ಬೇರೆಯವರು ಬೇಕು, ಅವರಿಗೆ ಬೇರೆ ಸಂಬಳ ಬೇಕು. ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರಗಳಾದ 'ಕೂಸಿನ ಮನೆ'ಗಳಿಗೆ ಹಳ್ಳಿಯ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟಿದ್ದೇವೆ. ಕೂಸಿಗೆ ಸಾಧ್ಯವಾದದ್ದು ಮುದುಕರಿಗೂ ಸಾಧ್ಯ. ಖಾನಾಪುರದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರಂತೆ ನೇಮಿಸಿ ಸರ್ಕಾರ ಎರಡು ವರ್ಷ ಮಾಡಿ ನೋಡಲಿ.

ಇನ್ನೊಂದು ಅನ್ಯಾಯವನ್ನೂ ಸರಿಪಡಿಸಬೇಕಿದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಎಂದು ರಾಜ್ಯದ 2024–25ರ ಬಜೆಟ್ ಘೋಷಿಸಿತು. ಒಳ್ಳೆಯ ಹೆಜ್ಜೆ. ಆ ಪಟ್ಟಿಯಲ್ಲಿ ಡಿಮೆನ್ಶಿಯಾ ಇರಲಿಲ್ಲ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೂಡುವಾಗ ಜಿಲ್ಲೆಯ 18 ಶಾಸಕರಲ್ಲಿ ಒಬ್ಬರಾದರೂ ಎದ್ದು, ಅದನ್ನು ಪಟ್ಟಿಗೆ ಸೇರಿಸಿ ಎಂದು ಕೇಳಲಿ.